ಗುಣವಾಯಿತೆಂದು ಎದ್ದು ನಿಂತ ಭಾನುವಾರ

ಪೀಣ್ಯದ ಒಂದು ಗಾರ್ಮೆಂಟ್ ಕಾರ್ಖಾನೆಯಲ್ಲಿ ಹನ್ನೊಂದು ವರ್ಷದಿಂದ ಚೆಕಿಂಗ್ ಕೆಲಸದಲ್ಲಿದ್ದೇನೆ. ಹೊಲಿದು ಬಂದ ಅಂಗಿಯನ್ನು ಬೆಳಕಿಗೆ ಹಿಡಿದು, ಒಳಗು ಹೊರಗು ತಿರುಗಿಸಿ, ತಪ್ಪಿದ್ದ ಕಡೆ ಒಂದು ಸಣ್ಣ ಬಾಣದ ಸ್ಟಿಕ್ಕರ್ ಅಂಟಿಸಿ ವಾಪಸ್ ಕಳಿಸುವುದು ನನ್ನ ಕೆಲಸ. ಬೇರೆಯವರ ತಪ್ಪು ಹುಡುಕುವುದಕ್ಕೇ ಸಂಬಳ ಸಿಗುವ ಇಂಥ ನೌಕರಿ ನನ್ನ ಸ್ವಭಾವಕ್ಕೆ ಹೇಳಿ ಮಾಡಿಸಿದಂತಿದೆ ಎಂದು ನಮ್ಮವರು ರೇಗಿಸುತ್ತಾರೆ. ಅವರ ಹೆಸರು ಡೇವಿಡ್, ಟೆಂಪೊ ಓಡಿಸುತ್ತಾರೆ. ಅವರ ಮಾತಿನಲ್ಲಿ ಸುಳ್ಳಿಲ್ಲ.

ಒಂದು ದಿನ ಬಿಳಿ ಅಂಗಿಯೊಂದರ ತೋಳಿನ ಪಟ್ಟಿಯ ಮೇಲೆ ಸಾಸಿವೆಯಷ್ಟು ಕೆಂಪು ಕಲೆ ಕಂಡಿತು. ಯಾವಳೋ ಟೈಲರ್ ಬೆರಳಿಗೆ ಸೂಜಿ ಚುಚ್ಚಿಕೊಂಡು ಹೇಳದೆ ಕಳಿಸಿದ್ದಾಳೆ ಎಂದು ಬೈಯಲು ತಯಾರಾದೆ. ಅಷ್ಟರಲ್ಲಿ ಮತ್ತೆ ಕೆಮ್ಮು ಬಂತು. ಕಲೆಯ ಪಕ್ಕದಲ್ಲಿ ಇನ್ನೊಂದು ಕಲೆ ಬಿತ್ತು. ಎರಡು ತಿಂಗಳಿಂದ ಇದ್ದ ಕೆಮ್ಮನ್ನು ನಾನು ಬಟ್ಟೆಯ ಧೂಳಿನ ತಲೆಗೆ ಕಟ್ಟಿದ್ದೆ. ಅವತ್ತು ಅದು ನನ್ನದೇ ರಕ್ತವೆಂದು ಗೊತ್ತಾಯಿತು. ಸುತ್ತ ಯಾರೂ ನೋಡುತ್ತಿರಲಿಲ್ಲ. ಎಣ್ಣೆ ಕಲೆ ಎಂದು ಬರೆದು ಅಂಗಿಯನ್ನು ಕಲೆ ತೆಗೆಯುವವರ ಕಡೆಗೆ ಕಳಿಸಿಬಿಟ್ಟೆ. ಈ ಬರಹದಲ್ಲಿ ನಾನು ಒಪ್ಪಿಕೊಳ್ಳಬೇಕಾದ ಸುಳ್ಳುಗಳಲ್ಲಿ ಅದೇ ಚಿಕ್ಕದು.

ನಮ್ಮ ಕಡೆಯ ಸರಕಾರಿ ಆರೋಗ್ಯ ಕೇಂದ್ರದಲ್ಲಿ ಟಿ.ಬಿ. ಕೋಣೆ ಹಿಂದಿನ ಬದಿಗಿದೆ, ಸ್ಕೂಟರ್ ನಿಲ್ಲಿಸುವ ಜಾಗದ ಪಕ್ಕ. ಹೊರಗೊಂದು ಸಿಮೆಂಟು ಕಟ್ಟೆ. ಅಲ್ಲಿ ಕೂತ ಹೆಂಗಸರೆಲ್ಲ ಸೆರಗನ್ನು ಕಣ್ಣಿನವರೆಗೆ ಎಳೆದುಕೊಂಡಿರುತ್ತಾರೆ, ಗಂಡಸರು ಫೋನಿನಲ್ಲಿ ಮುಖ ಹುದುಗಿಸಿರುತ್ತಾರೆ. ಕಾರ್ಖಾನೆಯವರು ಯಾರಾದರೂ ಕಂಡುಬಿಟ್ಟರೆ ಎಂಬ ಹೆದರಿಕೆ ಎಲ್ಲರಿಗೂ. ನಾನೂ ಹಾಗೇ ಕೂತೆ. ಒಳಗೆ ಶಬಾನಾ ಮೇಡಂ ಇದ್ದರು. ಟಿ.ಬಿ. ರೋಗಿಗಳ ಬೆನ್ನು ಹತ್ತಿ ಔಷಧ ನುಂಗಿಸುವ ಕೆಲಸ ಅವರದು. ಮುಚ್ಚಳದ ಸಣ್ಣ ಡಬ್ಬಿ ಕೊಟ್ಟು, "ಬೆಳಿಗ್ಗೆ ಎದ್ದ ತಕ್ಷಣ ಎದೆಯಿಂದ ಕಫ ತೆಗೀಬೇಕು ಅಕ್ಕ. ಬರೀ ಉಗುಳು ತಂದ್ರೆ ವಾಪಸ್ ಕಳಿಸ್ತೀನಿ" ಎಂದರು. ಮರುದಿನ ಆ ಡಬ್ಬಿಯನ್ನು ಊಟದ ಚೀಲದಲ್ಲಿಟ್ಟುಕೊಂಡು ಬಸ್ಸಿನಲ್ಲಿ ಹೋದೆ. ಪಕ್ಕದವಳು ಇವತ್ತೇನು ಪಲ್ಯ ಎಂದು ಕೇಳಿದಳು.

"ಟಿ.ಬಿ. ಇದೆ ಸರೋಜಕ್ಕ. ಹೆದರ್ಬೇಡಿ, ವಾಸಿ ಆಗತ್ತೆ. ಆರು ತಿಂಗಳು ಮಾತ್ರೆ. ಒಂದು ದಿನಾನೂ ಬಿಡೋ ಹಾಗಿಲ್ಲ" ಎಂದರು ಶಬಾನಾ, ವರದಿ ಬಂದ ದಿನ.

ನನಗೆ ಕೇಳಿಸಿದ್ದು ಮೊದಲ ಮಾತು ಮಾತ್ರ. ಕಣ್ಣ ಮುಂದೆ ಬಂದವಳು ಮಗಳು ಸುನೀತಾ. ಎಂಟನೇ ಕ್ಲಾಸು. ಇರುವ ಒಂದೇ ಕೋಣೆಯಲ್ಲಿ ನನ್ನ ಕುತ್ತಿಗೆಗೆ ಕೈ ಹಾಕಿಯೇ ಮಲಗುವವಳು. ಅವಳ ಎದೆಯ ಫೋಟೊ ತೆಗೆಸಿ, ಏನೂ ಇಲ್ಲ ಎಂದು ಕೇಳುವವರೆಗೆ ಅನ್ನ ಇಳಿಯಲಿಲ್ಲ.

ಮನೆಯ ಮಾಲೀಕಳು ಗಂಗಮ್ಮ ಈ ಊರಿನ ಮೂಲದವಳು, ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಬಾಡಿಗೆ ಕೋಣೆಗಳನ್ನು ಬೆಳೆಸಿದ್ದಾಳೆ. ವಿಷಯ ತಿಳಿದರೆ ಖಾಲಿ ಮಾಡು ಅನ್ನುತ್ತಾಳೆ ಎಂದು ನಡುಗುತ್ತಿದ್ದೆ. ಗೋಡೆಯಾಚೆ ಕೆಮ್ಮು ಕೇಳಿ ಅವಳೇ ಬಂದಳು. ನಾನು ತಡವರಿಸುತ್ತ ಹೇಳಿದೆ. "ಅಯ್ಯೋ, ಇಷ್ಟೇನಾ? ನಮ್ಮತ್ತೆಗೂ ಬಂದಿತ್ತು ಕಣಮ್ಮ. ಇಂಗೆ ಮೂಲೇಲಿ ಕುಂತ್ರೆ ಆಯ್ತದಾ? ಬಿಸ್ಲಿಗೆ ಬಾ" ಎಂದು ಹೋಗಿ ನಾಲ್ಕು ಮೊಟ್ಟೆ ತಂದಿಟ್ಟಳು. ಆ ಮೊಟ್ಟೆ ಬೇಯಿಸುವಾಗ ಅತ್ತೆ. ಕಾಯಿಲೆ ಗೊತ್ತಾದ ಮೇಲೆ ನಾನು ಅತ್ತದ್ದು ಅದೇ ಮೊದಲು.

ಗುಳಿಗೆಗಳು ಸುಲಭದ್ದಾಗಿರಲಿಲ್ಲ. ಖಾಲಿ ಹೊಟ್ಟೆಗೆ ನುಂಗಬೇಕು. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತಿತ್ತು, ಅದನ್ನು ಮೊದಲೇ ಹೇಳಿರದಿದ್ದರೆ ಅಲ್ಲೇ ಕುಸಿಯುತ್ತಿದ್ದೆ. ಕೆಲಸದಲ್ಲಿ ಹತ್ತು ಗಂಟೆಯವರೆಗೆ ಹೊಟ್ಟೆ ತೊಳೆಸುತ್ತಿತ್ತು. ಆದರೆ ಎರಡು ತಿಂಗಳಿಗೆ ಕೆಮ್ಮು ಹೋಯಿತು, ಕುಪ್ಪಸ ಬಿಗಿಯಾಯಿತು. ಮತ್ತೆ ಕಫ ಕೊಟ್ಟೆ. ಕಾಗದದಲ್ಲಿ ಕ್ರಿಮಿ ಕಾಣಲಿಲ್ಲವೆಂದು ಬಂತು. "ಅರ್ಧ ದಾರಿ ಬಂದಿಲ್ಲ ಇನ್ನೂ. ಮಾತ್ರೆ ನಿಲ್ಲಿಸಿದ್ರೆ ನಾನು ಮನೆಗೇ ಬರ್ತೀನಿ" ಎಂದು ಶಬಾನಾ ಬೆರಳು ತೋರಿಸಿದರು. ಆ ವಾರವೇ ತಿಂಗಳ ಮೊದಲ ಭಾನುವಾರ ಬಂತು.

ಇಲ್ಲಿ ಸ್ವಲ್ಪ ಹಿಂದೆ ಹೋಗಬೇಕು. ನಾವು ಬೆಟಗೇರಿಯ ಕಡೆಯ ಕ್ರೈಸ್ತರು, ಮುತ್ತಜ್ಜನ ಕಾಲದಿಂದ ಮಿಶನ್ ಚರ್ಚಿನವರು. ಕೂಸಿದ್ದಾಗ ದೀಕ್ಷಾಸ್ನಾನ, ಹದಿನಾರಕ್ಕೆ ದೃಢೀಕರಣ, ಭಾನುವಾರಕ್ಕೆ ಇಸ್ತ್ರಿ ಸೀರೆ. ಯೇಸುವನ್ನು ನಾನು ಆರಿಸಿಕೊಂಡೆ ಎಂದು ಹೇಳಲಾರೆ, ಮನೆತನದ ಅಡ್ಡಹೆಸರಿನಂತೆ ಬಂದಿತ್ತು. ಬೆಂಗಳೂರಿಗೆ ಬಂದ ಮೇಲೆ ದೊಡ್ಡ ಚರ್ಚು ದೂರವಾಯಿತು. ಹತ್ತಿರದಲ್ಲೇ ಬೇರಿಂಗ್ ಅಂಗಡಿಯ ಮೇಲಿನ ಎರಡನೇ ಮಹಡಿಯಲ್ಲಿ ಒಂದು ಪ್ರಾರ್ಥನಾ ಮಂದಿರವಿತ್ತು, ಅಲ್ಲಿಗೆ ಹೋಗತೊಡಗಿದೆವು. ಪಾಸ್ಟರ್ ಜಯರಾಜ್ ವಾರವಿಡೀ ಮಿಲ್ಲಿಂಗ್ ಮಷಿನ್ ನಡೆಸಿ ಭಾನುವಾರ ಪ್ರಸಂಗ ಮಾಡುವವರು. ಉಗುರಿನ ಸಂದಿನಲ್ಲಿ ಯಾವಾಗಲೂ ಎಣ್ಣೆ ಇರುತ್ತಿತ್ತು. ಒಳ್ಳೆಯ ಮನುಷ್ಯ.

ಆ ಸಭೆಯಲ್ಲಿ ತಿಂಗಳ ಮೊದಲ ಭಾನುವಾರ ಸಾಕ್ಷಿ ಹೇಳುವ ಪದ್ಧತಿ. ದೇವರು ತನಗೆ ಏನು ಮಾಡಿದನೆಂದು ಒಬ್ಬೊಬ್ಬರಾಗಿ ಎದ್ದು ಹೇಳುವುದು, ಹೇಳಿ ಮುಗಿಸಿದೊಡನೆ ಎಲ್ಲರೂ 'ಸ್ತೋತ್ರ' ಎಂದು ಚಪ್ಪಾಳೆ ತಟ್ಟುವುದು. ಒಬ್ಬರಿಗೆ ಕುಡಿತ ಬಿಟ್ಟಿತ್ತು, ಒಬ್ಬರಿಗೆ ಹತ್ತು ವರ್ಷದ ಮೇಲೆ ಮಗುವಾಗಿತ್ತು. ನಾಲ್ಕು ವರ್ಷ ಅವರಿಗೆಲ್ಲ ಚಪ್ಪಾಳೆ ತಟ್ಟಿದ್ದೆ. ಒಮ್ಮೆಯೂ ಎದ್ದಿರಲಿಲ್ಲ. ಹುಟ್ಟಾ ಕ್ರೈಸ್ತಳು ನಾನು, ನಿನ್ನೆ ಮೊನ್ನೆ ಬಂದವರ ಹತ್ತಿರವೂ ಹೇಳಲು ಏನೋ ಇದೆ, ನನ್ನ ಹತ್ತಿರ ಏನೂ ಇಲ್ಲ. ಹೊಟ್ಟೆಕಿಚ್ಚು ಎಂದೇ ಹೇಳಬೇಕು ಅದನ್ನು.

ಅವತ್ತು ಆ ಕಾಗದ ಹಿಡಿದು ಎದ್ದೆ. ಟಿ.ಬಿ. ಬಂದಿತ್ತು, ರಕ್ತ ಕಾರಿದ್ದೆ, ಕೆಮ್ಮೆಂದು ಕೇಳಿಕೊಂಡಾಗ ಸಭೆ ಪ್ರಾರ್ಥಿಸಿತು, ಈಗ ಕ್ರಿಮಿಯೇ ಇಲ್ಲ ಎಂದೆ. ಅಷ್ಟೂ ನಿಜ. ಪಾಸ್ಟರ್ ಕಣ್ಣೊರೆಸಿಕೊಂಡು ಕೇಳಿದರು, "ದೇವರಿಗೆ ಸ್ತೋತ್ರ! ಮಾತ್ರೆ ಇನ್ನೂ ತಗೋತಿದೀರಾ ಸಿಸ್ಟರ್?"

ಹೌದು ಎನ್ನಲು ಎಷ್ಟು ಹೊತ್ತು? ಆದರೆ ಎಲ್ಲರ ಮುಖ ನನ್ನ ಕಡೆಗಿತ್ತು. ಹೌದು ಅಂದರೆ ಆ ಮುಖಗಳ ಬೆಳಕು ಅರ್ಧ ಇಳಿಯುತ್ತದೆ ಅನ್ನಿಸಿತು. "ಇಲ್ಲ ಪಾಸ್ಟರ್. ಡಾಕ್ಟರೇ ಇನ್ನು ಬೇಡ ಅಂದ್ರು" ಎಂದುಬಿಟ್ಟೆ. ಅಂಥ ಚಪ್ಪಾಳೆ ನಾನು ಆ ಸಭೆಯಲ್ಲಿ ಕೇಳಿರಲಿಲ್ಲ. ಯಾರೋ ವಿಡಿಯೊ ಮಾಡಿದ್ದರು, ಸಂಜೆಯೊಳಗೆ ಅದು ಸಭೆಯ ವಾಟ್ಸಾಪ್ ಗುಂಪಿನಿಂದ ಬೆಟಗೇರಿಯ ತನಕ ಹೋಗಿತ್ತು.

ಮರುದಿನ ಬೆಳಿಗ್ಗೆ ಗುಳಿಗೆ ಕೈಯಲ್ಲಿ ಹಿಡಿದು ನಿಂತೆ. ನುಂಗಿದರೆ ದೇವರ ಮುಂದೆ ಹೇಳಿದ್ದು ಸುಳ್ಳಾಗುತ್ತದೆ. ನುಂಗದಿದ್ದರೆ ಅದು ಹೇಗೋ ನಿಜವಾಗಿಬಿಡುತ್ತದೆ. ಈಗ ಬರೆಯುವಾಗ ನನಗೇ ನಗು ಬರುವ ಈ ಲೆಕ್ಕಾಚಾರ ಆಗ ದೊಡ್ಡ ಭಕ್ತಿಯ ಹಾಗೆ ಕಂಡಿತ್ತು. ಗುಳಿಗೆಯನ್ನು ಟ್ರಂಕಿನೊಳಗೆ ಮದುವೆ ಸೀರೆಯ ಕೆಳಗೆ ಇಟ್ಟೆ. ಶಬಾನಾ ಫೋನ್ ಮಾಡಿದಾಗಲೆಲ್ಲ ತಪ್ಪದೆ ತಗೋತಿದೀನಿ ಎಂದೆ, ಹೋಗಿ ಹೊಸ ಪಟ್ಟಿಗಳನ್ನು ತಂದೆ, ಅವನ್ನೂ ಟ್ರಂಕಿಗೆ ಹಾಕಿದೆ.

ಮೂರು ತಿಂಗಳು ಚೆನ್ನಾಗಿದ್ದೆ. ಆಮೇಲೆ ಸಂಜೆ ಜ್ವರ ಶುರುವಾಯಿತು. ಧೂಳು ಎಂದೆ, ಹವೆ ಎಂದೆ. ಆಸ್ಪತ್ರೆಗೆ ಹೋಗೋಣವೆಂದು ನಮ್ಮವರು ಆಧಾರ್ ಕಾರ್ಡು ಹುಡುಕಲು ಟ್ರಂಕು ತೆಗೆದರು. ತಿರುಗಿ ನೋಡಿದರೆ ಪಟ್ಟಿಗಳನ್ನೆಲ್ಲ ಚಾಪೆಯ ಮೇಲೆ ಹರಡಿಕೊಂಡು ಕೂತಿದ್ದರು.

"ಇದೇನಿದು ಸರೋಜಾ?"

"ದೇವರ ಮ್ಯಾಲ ನಂಬಿಕಿ ಇಟ್ಟಿದ್ದೆ."

"ದೇವರ ಮ್ಯಾಲಲ್ಲ. ನೀ ಆಡಿದ ಮಾತಿನ ಮ್ಯಾಲ ಇಟ್ಟಿದ್ದಿ" ಎಂದರು. ಬೈಯಲಿಲ್ಲ. ಮಲಗಿದ್ದ ಸುನೀತಾಳ ಕಡೆ ಒಮ್ಮೆ ನೋಡಿ ಹೊರಗೆ ಹೋಗಿ ಟೆಂಪೊ ಒಳಗೆ ಕೂತರು. ಅವರು ಅಳುವುದನ್ನು ನಾನು ಅಲ್ಲಿಯತನಕ ಕೇಳಿರಲಿಲ್ಲ.

ಶಬಾನಾ ಮೇಡಂ ನನ್ನನ್ನು ನೋಡಿ ಎಲ್ಲ ತಿಳಿದುಕೊಂಡರು. "ಮೊದಲು ಕಫ ಕೊಡಿ. ಬೈಯೋದು ಆಮೇಲೆ" ಎಂದರು. ನಡುವೆ ಬಿಟ್ಟರೆ ಕ್ರಿಮಿಗಳು ಔಷಧಕ್ಕೆ ಜಗ್ಗದ ಜಾತಿಗೆ ತಿರುಗಬಹುದು, ಹಾಗಾದರೆ ಚಿಕಿತ್ಸೆ ಉದ್ದ, ಕಷ್ಟ. ಮಷಿನ್ ಪರೀಕ್ಷೆಯಲ್ಲಿ ಎರಡು ದಿನದಲ್ಲಿ ಗೊತ್ತಾಗುತ್ತದೆ. ಅಲ್ಲಿಯತನಕ ಕಾಯಬೇಕು.

ಹೊರಬಂದು ಕಟ್ಟೆಯ ಮೇಲೆ ಕೂತಾಗ ಯಾರೋ "ಅಕ್ಕಾರ" ಎಂದರು. ಹುಲಿಗೆಮ್ಮ. ಕೊಪ್ಪಳದ ಕಡೆಯವಳು, ಕಟ್ಟಡ ಕೆಲಸಕ್ಕೆ ಇಟ್ಟಿಗೆ ಹೊರುವವಳು. ಪ್ರಾರ್ಥನೆ ಮಾಡಿಸಿಕೊಳ್ಳಲು ಆಗಾಗ ನಮ್ಮ ಸಭೆಗೆ ಬಂದು ಕೊನೆಯ ಸಾಲಿನಲ್ಲಿ ಕೂರುತ್ತಿದ್ದಳು. ಈಗ ಅವಳ ಕೆನ್ನೆಯ ಎಲುಬು ಎದ್ದು ಕಾಣುತ್ತಿತ್ತು.

"ಕೆಮ್ಮಿನ ಔಷಧ ಕೇಳಾಕ ಬಂದಿದ್ನಿರಿ. ನನಗೂ ನಿಮ್ಮದ ಬ್ಯಾನಿ ಇತ್ತಲ್ರಿ, ಗುಳಿಗಿ ತಗೋತಿದ್ನಿ. ನೀವು ಅವತ್ತ ನಿಂತು ಹೇಳಿದ್ರಲ್ಲ, ಕೇಳಿ ನಾನೂ ಬಿಟ್ನಿ. ನೀವ್ಯಾಕ ಬಂದೀರಿ ಇಲ್ಲಿ?"

ನನ್ನ ಬಾಯಿ ತಾನಾಗಿ ಆಡಿತು. "ಪರಿಚಯದವರು ಒಬ್ರು ಇದ್ರು, ನೋಡಾಕ ಬಂದಿದ್ದೆ."

ಅವಳು ನಕ್ಕು, "ದೇವರು ನಿಮ್ಮನ್ನ ಚಲೋ ಇಟ್ಟಾನ ಬಿಡ್ರಿ" ಎಂದು ಕೆಮ್ಮುತ್ತ ಕಟ್ಟಡದ ಮುಂಬದಿಯ ಸಾಮಾನ್ಯ ರೋಗಿಗಳ ಸಾಲಿಗೆ ಹೋದಳು. ನಾನು ಕೂತಲ್ಲೇ ಕೂತೆ. ಎದ್ದು ಅವಳ ಕೈ ಹಿಡಿದು ಹೇಳಬಹುದಿತ್ತು. ಹತ್ತು ಹೆಜ್ಜೆ ಅಷ್ಟೆ. ಏಳಲಿಲ್ಲ.

ಆ ಎರಡು ದಿನ ನನ್ನ ಆಯುಸ್ಸಿನ ಅತಿ ಉದ್ದದ ದಿನಗಳು. ನಮ್ಮವರು ಸುನೀತಾಳನ್ನು ಮತ್ತೆ ಎದೆಯ ಫೋಟೊಗೆ ಕರೆದೊಯ್ದರು. ನನಗೆ ಪ್ರಾರ್ಥಿಸಲು ಆಗಲಿಲ್ಲ. ಮೊಣಕಾಲೂರಿದರೆ ಹುಲಿಗೆಮ್ಮನ ಆ ನಗು ಬಂದು ನಿಲ್ಲುತ್ತಿತ್ತು. ನನಗೆ ಬಂದದ್ದನ್ನು ನಾನು ಅನುಭವಿಸಬಹುದು, ಅವಳೇನು ಮಾಡಿದ್ದಳು?

ಮೂರನೇ ದಿನ ಶಬಾನಾ ಕಾಗದ ಹಿಡಿದು ಹೊರಗೇ ಬಂದರು. "ಮಾಮೂಲಿ ಟಿ.ಬಿ.ನೇ. ಔಷಧದ ಮಾತು ಕೇಳತ್ತೆ. ಮಗಳದ್ದೂ ಕ್ಲೀನ್. ಮೊದಲಿಂದ ಆರು ತಿಂಗಳು, ಸರೋಜಕ್ಕ. ಎರಡು ವಾರ ಜನರ ಮಧ್ಯೆ ಹೋಗ್ಬೇಡಿ." ನಾನು ಅವರ ಕೈ ಹಿಡಿದು ಅತ್ತೆ, ಎಷ್ಟು ಹಗುರಾಯಿತೆಂದರೆ ಕಾಲು ನೆಲದ ಮೇಲಿರಲಿಲ್ಲ. ಅತ್ತು ಮುಗಿದ ಮೇಲೆ ಹುಲಿಗೆಮ್ಮನ ಹೆಸರು ಹೇಳಿದೆ.

ಶಬಾನಾ ಅವರ ಮುಖ ಬದಲಾಯಿತು. "ಕೊಪ್ಪಳದವರಾ? ಮೂರು ತಿಂಗಳಿಂದ ಅವರನ್ನ ಎಲ್ಲೆಲ್ಲಿ ಹುಡುಕಿದೀನಿ! ಸೈಟ್ ಬದಲಾಯಿಸಿದಾರೆ, ಫೋನ್ ಸ್ವಿಚ್ ಆಫ್. ಇಲ್ಲಿಗೇ ಬಂದಿದ್ರಾ? ನೀವು ನೋಡಿದ್ರಾ?"

"ನೋಡಿದೆ. ಮಾತೂ ಆಡಿದೆ."

"ಮತ್ತೆ ನಂಗೆ ಹೇಳ್ಲಿಲ್ಲ?"

ಹುಲಿಗೆಮ್ಮ ಸಿಗುವ ಒಂದೇ ಜಾಗ ಭಾನುವಾರದ ಸಭೆ. ಪಾಸ್ಟರ್‌ಗೆ ಫೋನ್ ಮಾಡಿ ಎಲ್ಲ ಹೇಳಿದೆ. ಆ ಕಡೆ ಅವರು ಮಿಲ್ಲಿಂಗ್ ಮಷಿನ್ ನಿಲ್ಲಿಸಿದರು.

"ಡಾಕ್ಟರೇ ಬೇಡ ಅಂದ್ರು ಅಂದ್ರಲ್ಲ ಸಿಸ್ಟರ್."

"ಅಂದಿರಲಿಲ್ಲ ಪಾಸ್ಟರ್."

"ಆಯ್ತು. ನೀವು ಸಭೆ ಮುಂದೆ ಬರೋದು ಬೇಡ. ಜನಕ್ಕೆ ನಂಬಿಕೆ ಅಲ್ಲಾಡಿಬಿಡತ್ತೆ. ಭಾನುವಾರ ಆ ಸಿಸ್ಟರ್ ಬಂದ್ರೆ ನಾನೇ ಸೈಲೆಂಟಾಗಿ ಕರೆದು ಹೇಳ್ತೀನಿ."

ಅದು ನನಗೆ ಎಷ್ಟು ಅನುಕೂಲ! ಒಂದು ದಿನವಿಡೀ ಒಪ್ಪಿಕೊಂಡೇ ಇದ್ದೆ. ಆದರೆ ಹುಲಿಗೆಮ್ಮ ಕೇಳಿದ್ದು ನನ್ನ ಬಾಯಿಂದ. ಇನ್ನೂ ಯಾರು ಯಾರು ಕೇಳಿ ಏನೇನು ಬಿಟ್ಟಿದ್ದಾರೋ ಯಾರಿಗೆ ಗೊತ್ತು? ಸಕ್ಕರೆ ಕಾಯಿಲೆಯವರಿದ್ದಾರೆ, ಬಿ.ಪಿ.ಯವರಿದ್ದಾರೆ. ಚಿಕ್ಕಂದಿನಿಂದ ಭಾನುವಾರದ ಶಾಲೆಯಲ್ಲಿ ಮಾನಸಾಂತರ, ಅಂದರೆ ಪಾಪ ಬಿಟ್ಟು ತಿರುಗುವುದು, ಎಂಬ ಮಾತನ್ನು ಬಾಯಿಪಾಠ ಮಾಡಿದ್ದೆ. ಕಣ್ಣೀರು ಹಾಕಿದರೆ ಆಯಿತು ಎಂದುಕೊಂಡಿದ್ದೆ. ಕಣ್ಣೀರು ಬೇಕಾದಷ್ಟು ಹಾಕಿದ್ದೆ, ಹುಲಿಗೆಮ್ಮ ಎಲ್ಲೋ ಕೆಮ್ಮುತ್ತಲೇ ಇದ್ದಳು. ನಮ್ಮವರಿಗೆ ಹೇಳಿದೆ. "ನಾ ಟೆಂಪೊ ತರತೀನಿ, ನಡಿ" ಎಂದರು.

ಭಾನುವಾರ ಮಾಸ್ಕ್ ಹಾಕಿಕೊಂಡು ಮೆಟ್ಟಿಲು ಹತ್ತಿದೆ. ಒಳಗೆ ಹೋಗಲಿಲ್ಲ, ಬಾಗಿಲ ಹೊರಗೆ ಮೆಟ್ಟಿಲ ತುದಿಯಲ್ಲಿ ನಿಂತೆ. ಕಿಟಕಿಗಳನ್ನೆಲ್ಲ ನಮ್ಮವರು ಮೊದಲೇ ತೆರೆಸಿದ್ದರು. ಹಾಡು ನಿಂತಿತು. ಪಾಸ್ಟರ್ ನನ್ನನ್ನು ನೋಡಿ ಬೇಡ ಎಂಬಂತೆ ತಲೆ ಆಡಿಸಿದರು. ಕೊನೆಯ ಸಾಲಿನಲ್ಲಿ ಹುಲಿಗೆಮ್ಮ ಇರಲಿಲ್ಲ. ಅವಳೇ ಇಲ್ಲ, ಇನ್ನೇಕೆ, ಇಳಿದು ಹೋಗೋಣ ಎಂದು ಒಂದು ಕ್ಷಣ ಅನ್ನಿಸಿತು ಎಂಬುದನ್ನೂ ಬರೆಯುತ್ತೇನೆ.

"ನಾನು ಆವತ್ತು ಇಲ್ಲಿ ನಿಂತು ಸುಳ್ಳು ಹೇಳಿದೆ" ಎಂದೆ. ಮುಂದಿನ ಸಾಲಿಗೂ ಕೇಳಲೆಂದು ಇನ್ನೊಮ್ಮೆ ಹೇಳಿದೆ. "ಡಾಕ್ಟರು ಮಾತ್ರೆ ಬಿಡಿ ಅಂದಿರಲಿಲ್ಲ. ನಾನೇ ಬಿಟ್ಟೆ. ಟಿ.ಬಿ. ತಿರುಗಿ ಬಂದಿದೆ. ನಾನು ಗುಣವಾಗಿದ್ದು ಮಾತ್ರೆಯಿಂದ, ಅದನ್ನ ಮುಚ್ಚಿಟ್ಟೆ. ನೀವೆಲ್ಲ ಚಪ್ಪಾಳೆ ತಟ್ಟಲಿ ಅಂತ ಮುಚ್ಚಿಟ್ಟೆ. ಹುಲಿಗೆಮ್ಮ ನನ್ನ ಮಾತು ಕೇಳಿ ಅವಳ ಮಾತ್ರೆ ಬಿಟ್ಟಿದ್ದಾಳೆ. ಅವಳೆಲ್ಲಿದ್ದಾಳೆ ಅಂತ ಯಾರಿಗಾದ್ರೂ ಗೊತ್ತಿದ್ರೆ ಹೇಳಿ. ಬೇರೆ ಯಾರಾದ್ರೂ ಔಷಧ ಬಿಟ್ಟಿದ್ರೆ ಇವತ್ತೇ ಶುರು ಮಾಡಿ."

ಮುಂದಿನ ಸಾಲಿನ ಅಜ್ಜನೊಬ್ಬ ಅಭ್ಯಾಸಬಲದಿಂದ ಒಂದು ಚಪ್ಪಾಳೆ ತಟ್ಟಿ ಗಾಬರಿಯಿಂದ ಕೈ ಇಳಿಸಿದ. ಪಾಸ್ಟರ್ ಮೈಕು ಕೆಳಗಿಟ್ಟರು. "ಆ ಕಾಗದ ನಾನು ಇಸ್ಕೊಂಡು ಓದಲಿಲ್ಲ" ಎಂದರು. "ಓದಬಹುದಿತ್ತು. ನಂಗೂ ಆ ಸಾಕ್ಷಿ ಬೇಕಾಗಿತ್ತು. ವಿಡಿಯೊ ಕಳ್ಸಿ ಅಂತ ಹೇಳಿದ್ದೂ ನಾನೇ." ಅವರ ಮೇಲೆ ನನಗಿದ್ದ ಗೌರವ ಅವತ್ತು ಇನ್ನೂ ಹೆಚ್ಚಾಯಿತು.

ಆಗ ಹೆಂಗಸರ ಕಡೆಯಿಂದ ಒಬ್ಬಳು ಎದ್ದಳು. ಸಿಂಧನೂರಿನ ಕಡೆಯ ಕೂಲಿಯವಳು. "ಆಕಿ ನಮ್ಮ ಸೈಟಿನಾಗ ಅದಾಳ್ರಿ. ಮೂರು ದಿನ ಆತು, ಮ್ಯಾಲೆ ಎದ್ದಿಲ್ಲ. ನಿನ್ನಿ ರಕ್ತ ಕಾರಿದ್ಲು."

ಪಾಸ್ಟರ್ ಹೇಳಿದಂತೆ ಗುಟ್ಟಾಗಿ ಕರೆದು ಹೇಳಲು ಕಾದಿದ್ದರೆ ಇದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆ ಹೆಂಗಸು, ಪಾಸ್ಟರ್, ನಾವಿಬ್ಬರು ಟೆಂಪೊದಲ್ಲಿ ಹೊರಟೆವು. ಚಿಕ್ಕಬಾಣಾವರದ ಕಡೆ ಅರ್ಧ ಎದ್ದ ದೊಡ್ಡ ಕಟ್ಟಡ, ಅದರ ಹಿಂದೆ ತಗಡಿನ ಶೆಡ್ಡುಗಳು. ಹುಲಿಗೆಮ್ಮ ಹೊರಗೆ ಹಲಗೆಯ ಮೇಲೆ ಮಲಗಿದ್ದಳು. ಗಂಡ ಪಕ್ಕದಲ್ಲಿ ಕೂತು ಒದ್ದೆ ಬಟ್ಟೆಯಿಂದ ಹಣೆ ಒರೆಸುತ್ತಿದ್ದ.

"ಅಕ್ಕಾರ, ಮಾರಿಗ್ಯಾಕ ಬಟ್ಟಿ ಕಟ್ಟೀರಿ?"

"ಬ್ಯಾನಿ ತಿರುಗಿ ಬಂದೈತಿ ಹುಲಿಗೆಮ್ಮ. ಗುಳಿಗಿ ಬಿಡು ಅಂತ ಡಾಕ್ಟರ್ ಹೇಳಿರಲಿಲ್ಲ. ಸುಳ್ಳ ಹೇಳಿದೆ. ಮೊನ್ನಿ ಆಸ್ಪತ್ರ್ಯಾಗೂ ನಿನಗ ಸುಳ್ಳ ಹೇಳಿದೆ. ನನ್ನ ಸಲುವಾಗಿನ ಬಂದಿದ್ದೆ."

ಅವಳು ನನ್ನನ್ನೇ ನೋಡಿದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

"ದೇವರು ಅಕ್ಕಾರಿಗೆ ಗುಣ ಕೊಟ್ಟಾನ, ನನಗ್ಯಾಕ ಕೊಡವಲ್ಲ ಅಂತ ದಿನಾ ಅಳತಿದ್ನಿ" ಎಂದಳು. "ಕೆಮ್ಮಕೋಂತ ಇಟಗಿ ಹೊತ್ತೀನಿ. ನನ್ನ ನಂಬಿಕಿನ ಸಾಲದು ಅಂತ ತಿಳಕೊಂಡಿದ್ನಿ."

ಕ್ಷಮಿಸು ಎಂದೆ. ಅವಳು ಮುಖ ಆ ಕಡೆ ತಿರುಗಿಸಿದಳು. ಗಂಡ ಮಾತ್ರ ಎದ್ದು ನಮ್ಮವರನ್ನು ಕೇಳಿದ, "ಗಾಡಿ ಐತಲ್ರಿ, ದವಾಖಾನಿಗೆ ಒಯ್ಯೂಣೇನ್ರಿ?"

ಟೆಂಪೊದ ಹಿಂಬದಿಯಲ್ಲಿ ರಟ್ಟು ಹಾಸಿ ಅವಳನ್ನು ಮಲಗಿಸಿದರು. ನಾನು ಬಾಗಿಲ ಪಟ್ಟಿಗೆ ಒರಗಿ ಅವಳ ಕಾಲ ಬಳಿ ಕೂತೆ. ಗಾಡಿ ಹಳ್ಳಕ್ಕೆ ಇಳಿದು ಎದ್ದಾಗಲೆಲ್ಲ ಅವಳು ನರಳುತ್ತಿದ್ದಳು. ಅರ್ಧ ದಾರಿಯಲ್ಲಿ ಕಣ್ಣು ಮುಚ್ಚಿಕೊಂಡೇ ಹೇಳಿದಳು, "ಪ್ರಾರ್ಥನಾ ಮಾಡು. ಖರೇದು ಮಾಡು."

ಬಹುವಚನ ಹೋಗಿತ್ತು. ಹೋಗಿದ್ದು ನ್ಯಾಯವೇ. ನನ್ನ ಬಾಯಿಗೆ ಹಳೆಯ ಪ್ರಾರ್ಥನೆಗಳೊಂದೂ ಬರಲಿಲ್ಲ. "ಕರ್ತನೇ, ನಾನು ಸುಳ್ಳು ಹೇಳಿದವಳು. ಇವಳನ್ನು ಉಳಿಸು. ನೀನು ಏನು ಮಾಡಿದರೂ ನಾನು ನಿನ್ನನ್ನು ಬಿಟ್ಟು ಹೋಗುವುದಿಲ್ಲ. ಇವಳನ್ನೂ ಬಿಟ್ಟು ಹೋಗುವುದಿಲ್ಲ" ಎಂದೆ. ಅಷ್ಟೇ ಇತ್ತು. ಯಾರಿಗೂ ಏನನ್ನೂ ತೋರಿಸಬೇಕಿರಲಿಲ್ಲ. ದೀಕ್ಷಾಸ್ನಾನವಾಗಿ ಮೂವತ್ತೆಂಟು ವರ್ಷದ ಮೇಲೆ, ಆ ಧೂಳಿನ ರಸ್ತೆಯಲ್ಲಿ, ನಾನಾಗಿ ಯೇಸುವನ್ನು ಆರಿಸಿಕೊಂಡೆ. ಆಕಾಶ ತೆರೆಯಲಿಲ್ಲ, ಆದರೆ ತುಂಬ ದಿನದ ಮೇಲೆ ಉಸಿರು ಸಲೀಸಾಗಿ ಆಡಿತು.

ಹುಲಿಗೆಮ್ಮನನ್ನು ಆಸ್ಪತ್ರೆಯಲ್ಲಿ ಹತ್ತು ದಿನ ಇಟ್ಟುಕೊಂಡರು. ಅವಳದ್ದೂ ಔಷಧಕ್ಕೆ ಬಗ್ಗುವ ಟಿ.ಬಿ.ಯೇ ಎಂದು ಶಬಾನಾ ಫೋನ್ ಮಾಡಿದ ದಿನ ನಾನೂ ನಮ್ಮವರೂ ಚಾಪೆಯ ಮೇಲೆ ಕೂತು ಹುಚ್ಚರ ಹಾಗೆ ನಕ್ಕೆವು. ಮನೆಗೆ ಬಂದ ಮೇಲೆ ದಿನವೂ ಅವಳಿಗೆ ಗುಳಿಗೆ ನುಂಗಿಸುವವರು ಒಬ್ಬರು ಬೇಕಿತ್ತು. ನಾನು ಮಾಡ್ತೀನಿ ಎಂದೆ.

"ಇಕಿ ಮ್ಯಾಲ ನನಗ ನಂಬಿಕಿಲ್ರಿ ಮೇಡಂ" ಎಂದಳು ಹುಲಿಗೆಮ್ಮ ನನ್ನ ಎದುರಿಗೇ. ಸ್ವಲ್ಪ ಯೋಚಿಸಿ ಸೇರಿಸಿದಳು, "ಮೊದಲ ಇಕಿ ನುಂಗಬೇಕು. ನುಂಗಿ ಬಾಯಿ ತೆಗದು ತೋರಸಬೇಕು. ಆಮ್ಯಾಲ ನಾ."

ಹೀಗೆ ಪ್ರತಿದಿನ ಬೆಳಿಗ್ಗೆ ಏಳಕ್ಕೆ ಸೈಟಿನ ಗೇಟಿನ ಹತ್ತಿರದ ಟೀ ಅಂಗಡಿ ಮುಂದೆ ನಾನು ಗುಳಿಗೆ ನುಂಗಿ ಬಾಯಿ ತೆರೆದು ನಿಲ್ಲುತ್ತಿದ್ದೆ. "ನಾಲಿಗಿ ಎತ್ತು" ಎನ್ನುತ್ತಿದ್ದಳು. ಎತ್ತುತ್ತಿದ್ದೆ. "ಆ ಕಡೆ ಗಲ್ಲ." ತೋರಿಸುತ್ತಿದ್ದೆ. ಕಾರ್ಖಾನೆಯಲ್ಲಿ ನಾನು ಅಂಗಿಯನ್ನು ಅಷ್ಟು ಕೂಲಂಕಷವಾಗಿ ನೋಡಿರಲಿಕ್ಕಿಲ್ಲ. ಟೀ ಅಂಗಡಿಯವನು ಮೊದಲ ವಾರ ಕಣ್ಣರಳಿಸಿ ನೋಡುತ್ತಿದ್ದ, ಆಮೇಲೆ ನೀರಿನ ಲೋಟ ತಾನೇ ತಂದಿಡತೊಡಗಿದ. ಹುಲಿಗೆಮ್ಮ ತಿಂಗಳಾದರೂ ನಗಲಿಲ್ಲ. ನಗುವುದು ಅವಳ ಇಷ್ಟ, ಗುಳಿಗೆ ಇಳಿದರೆ ಸಾಕು ಎಂದು ನಾನೂ ಸುಮ್ಮನಿದ್ದೆ. ಮೂರನೇ ತಿಂಗಳು ಒಂದು ದಿನ ನನಗೆ ವಾಂತಿಯಾಯಿತು. ಬೆನ್ನು ಸವರಿ, "ಸಾವಕಾಶ ಉಸರ ತಗೋ, ಬ್ಯಾನಿ ನಿನ್ನ ಬಿಟ್ಟರೂ ನಾ ಬಿಡಂಗಿಲ್ಲ" ಎಂದಳು. ಅದು ಅವಳ ಕ್ಷಮೆಯೋ 'ಇನ್ನೂ ಇದೆ ನಿನಗೆ' ಎಂಬ ಎಚ್ಚರಿಕೆಯೋ ನನಗೆ ತಿಳಿಯಲಿಲ್ಲ. ಅವತ್ತಿಡೀ ಸಂತೋಷವಾಗಿದ್ದೆ.

ಸಭೆಗೆ ಈಗಲೂ ಹೋಗುತ್ತೇನೆ. ಸಾಕ್ಷಿ ಹೇಳುವವರನ್ನು ಪಾಸ್ಟರ್ ಈಗ ಕಾಗದ ತೋರಿಸಿ ಎನ್ನುತ್ತಾರೆ, ಡಾಕ್ಟರ್ ಏನಂದರು ಎಂದು ಎರಡು ಸಲ ಕೇಳುತ್ತಾರೆ. ಕೆಲವರಿಗೆ ಅದು ಹಿಡಿಸಿಲ್ಲ, ಬೇರೆ ಕಡೆ ಹೋದರು. ನನ್ನನ್ನು ಕಂಡರೆ ಮುಖ ತಿರುಗಿಸುವವರೂ ಇದ್ದಾರೆ. ನಾನು ಹಿಂದಿನ ಸಾಲಿನಲ್ಲಿ ಕೂತು ಬೇರೆಯವರಿಗೆ ಚಪ್ಪಾಳೆ ತಟ್ಟುತ್ತೇನೆ, ಹೊಟ್ಟೆಕಿಚ್ಚಿಲ್ಲದೆ. ಹುಲಿಗೆಮ್ಮ ಬಂದಾಗ ಬರುತ್ತಾಳೆ, ಊರಿಗೆ ಹೋದಾಗ ಹುಲಿಗಿಯ ಅಮ್ಮನ ಗುಡಿಗೂ ಹೋಗಿ ಕಾಯಿ ಒಡೆಸುತ್ತಾಳೆ. ಅವಳು ಯಾರನ್ನು ನಂಬಬೇಕೆಂದು ಹೇಳುವ ಬಾಯಿ ನನಗಿಲ್ಲ. ಇದನ್ನು ಓದುವವರಲ್ಲಿ ಯಾರಾದರೂ ಸೆರಗು ಮುಖಕ್ಕೆಳೆದುಕೊಂಡು ಅಂಥದೇ ಕಟ್ಟೆಯ ಮೇಲೆ ಕೂತಿದ್ದರೆ, ಪಕ್ಕದಲ್ಲಿ ಕೂತವರೂ ಅಷ್ಟೇ ಹೆದರಿದ್ದಾರೆ ಎಂದು ತಿಳಿಯಿರಿ. ಮಾತಾಡಿಸಿ. ಪ್ರಾರ್ಥನೆ ಮಾಡುವವರು ಮಾಡಿ, ಗುಳಿಗೆಯನ್ನೂ ನುಂಗಿ.

ನನ್ನದು ಮೊದಲು ಮುಗಿಯಿತು, ಕ್ಲೀನ್ ಎಂದು ಬಂತು. ಹುಲಿಗೆಮ್ಮನದು ಎರಡು ವಾರದ ಮೇಲೆ. ಅವತ್ತು ನಾನು ಅರ್ಧ ದಿನ ರಜೆ ಹಾಕಿ ಅವಳೊಡನೆ ಕಟ್ಟೆಯ ಮೇಲೆ ಕೂತಿದ್ದೆ. ಒಳಗಿನಿಂದ ಯಾರೋ ಹೆಸರು ಕೂಗಿ ಕಾಗದ ಕೊಟ್ಟರು. ಅವಳಿಗೆ ಓದಲು ಬರುವುದಿಲ್ಲ. ಅದನ್ನು ತಿರುಗಿಸಿ ಮುರುಗಿಸಿ ನೋಡಿ ನನ್ನ ಕೈಗೆ ಕೊಟ್ಟಳು.

"ಓದು. ಇದ್ದದ್ದ ಇದ್ದಂಗ ಓದು."

ಓದಿದೆ. "ಕ್ರಿಮಿ ಇಲ್ಲ ಅಂತ ಐತಿ ಹುಲಿಗೆಮ್ಮ. ಮುಗೀತು. ಗುಣ ಆಗೀದಿ."

ಅವಳು ಕುಣಿಯಲಿಲ್ಲ. ನನ್ನ ಮುಖವನ್ನು ಒಮ್ಮೆ ದಿಟ್ಟಿಸಿದಳು, ಕೈಯಿಂದ ಕಾಗದ ಕಿತ್ತುಕೊಂಡಳು, ಸೀದಾ ಒಳಗೆ ನಡೆದಳು. ನಾನು ಬಾಗಿಲ ತನಕ ಹೋಗಿ ನಿಂತೆ. ಶಬಾನಾ ಮೇಡಂ ಮುಂದೆ ಕಾಗದ ಹಿಡಿದು, "ಇದರಾಗ ಏನೈತಿ ನೀವು ಓದ್ರಿ" ಎನ್ನುತ್ತಿದ್ದಳು. ಶಬಾನಾ ಕನ್ನಡಕ ಏರಿಸಿ ಪೂರ್ತಿ ಓದಿದರು. "ಕ್ರಿಮಿ ಇಲ್ಲ. ವಾಸಿ ಆಗಿದೆ ಹುಲಿಗೆಮ್ಮ. ನಾಳೆಯಿಂದ ಮಾತ್ರೆ ಬೇಡ."

ಹುಲಿಗೆಮ್ಮ ನಿಧಾನವಾಗಿ ತಿರುಗಿದಳು. ಬಾಗಿಲಲ್ಲಿ ನಿಂತಿದ್ದ ನನ್ನ ಕಡೆ ಬೆರಳು ಮಾಡಿ, ಆ ಕೋಣೆಯಲ್ಲಿದ್ದ ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಹೇಳಿದಳು:

"ಇಕಿ ಖರೇನ ಹೇಳ್ಯಾಳ್ರಿ."